ಐತಿಹಾಸಿಕ ಚಲಚ್ಚಿತ್ರಗಳಲ್ಲಿ ಉಡುಗೆ ತೊಡುಗೆ ಮತ್ತು ಕೇಶವಿನ್ಯಾಸ

ಪೂರ್ವಿಕರ ಚರಿತ್ರೆಯು ಜನಮನವನ್ನು ಹೊಗುವ ಬಾಗಿಲುಗಳು ಎರಡು. ಒಂದು ಕಿವಿ, ಇನ್ನೊಂದು ಕಣ್ಣು. ಪುರಾಣಶ್ರವಣ, ಹರಿಕಥೆ, ಲಾವಣಿಗಳ ಮೂಲಕ ಕಿವಿಯ ಬಾಗಿಲಿನಿಂದ ಬಂದ ಚರಿತ್ರೆಯಲ್ಲಿ ಬಸವಣ್ಣನವರು ಯಾವ ಬಣ್ಣದ ಅಂಗಿಯನ್ನು ತೊಟ್ಟಿದ್ದರೆಂಬ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಕೇಳಿದವನು ತನಗೆ ತೋಚಿದ ರೂಪವನ್ನು ತಾನೇ ಕಲ್ಪಿಸಿಕೊಳ್ಳುತ್ತಿದ್ದನು. ಕನ್ನಡದ ಮೊದಲನೆಯ ವಾಕ್ಚಿತ್ರವಾದ "ಸತಿ ಸುಲೋಚನ"ವು ೧೯೩೪ರಲ್ಲಿ ತೆರೆಗೆ ಬಂದಂದಿನಿಂದ ಈಚೆಗೆ ಕಣ್ಣಿನ ಬಾಗಿಲೇ ಹೆದ್ದಾರಿಯಾಯಿತು. ಒಂದು ಶಾಸನವನ್ನೂ ಓದದವರಿಗೆ ಕೂಡ ಬಿಜ್ಜಳನು ಸಿಂಹಾಸನದಲ್ಲಿ ಹೇಗೆ ಕುಳಿತಿದ್ದನು, ಕೃಷ್ಣದೇವರಾಯನು ಹೇಗೆ ನಡೆದನು, ಕಿತ್ತೂರಿನ ರಾಣಿಯು ಹೇಗೆ ಕುದುರೆಯನ್ನೇರಿದಳು ಎಂಬುದು ಇಂದು ಚೆನ್ನಾಗಿ ಗೊತ್ತು. ತಿಳಿಸಿದ್ದು ಬೆಳ್ಳಿತೆರೆ. ಆ ತಿಳಿವಳಿಕೆಯು ಎಷ್ಟರಮಟ್ಟಿಗೆ ದಿಟವೆಂಬುದೇ ಈ ಲೇಖನದ ವಿಷಯ.

ಇದೇನು ಬಟ್ಟೆಬರೆಯ ವಿಚಾರ, ಮಠದ ಸಂಪುಟದಲ್ಲಿ ಇದಕ್ಕೇನು ಸ್ಥಾನ ಎಂದು ಭಕ್ತಮಹಾಶಯರಲ್ಲಿ ಕೆಲವರಿಗೆ ಅನಿಸಬಹುದು. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಸಾರಿ, ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರವನ್ನು ಇಡತಕ್ಕದ್ದೆಂದು ಆಜ್ಞೆ ಮಾಡಿತು. ಹರ್ಡೇಕರ್ ಮಂಜಪ್ಪನವರು ೧೯೧೩ರಲ್ಲಿ ದಾವಣಗೆರೆಯಲ್ಲಿ ಬಸವಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಮೊದಲು ಮಾಡಿದಂದಿನಿಂದ ಬೆಳೆದುಬಂದ ಆ ಚಿತ್ರದ ಮುಕುಟ, ಮುತ್ತಿನ ಹಾರ, ಜರತಾರಿಯ ವಸ್ತ್ರ ಇವು ನಮ್ಮೆಲ್ಲರ ಕಣ್ಣಿಗೂ ರೂಢಿಯಾಗಿವೆ. ಆದರೆ ಬಸವಣ್ಣನವರ ಜೀವಿತಕಾಲದಲ್ಲಿ ಬರೆದ ಅಥವಾ ಕೆತ್ತಿದ ಅವರ ಪ್ರತಿಕೃತಿಯೊಂದೂ ನಮಗೆ ದೊರೆತಿಲ್ಲ. ಅವರ ಹೆಸರನ್ನು ಹೇಳುವ ಅರ್ಜುನವಾಡದ ಶಾಸನವೇ ೧೨೬೦ರದು, ಎಂದರೆ ಅವರ ಲಿಂಗೈಕ್ಯದ ಬಳಿಕ ತೊಂಬತ್ತು ವರ್ಷಗಳಿಗೂ ಮೇಲ್ಪಟ್ಟದ್ದು. ಶಾಸನವು ವಂಶವನ್ನು ಹೇಳೀತೇ ಹೊರತು ಉಡುಗೆಯನ್ನು ಹೇಳುವುದಿಲ್ಲ. ಹಾಗಾದರೆ ನಾವು ಕಾಣುವ ಈ ಉಡುಗೆ ಯಾವ ಕಾಲದ್ದು? ಯಾರ ಪೆಟ್ಟಿಗೆಯಿಂದ ಹೊರಬಂದದ್ದು?

ಉತ್ತರವನ್ನು ಹುಡುಕಲು ಬಿಳಿಗೆರೆಯಿಂದ ಬಹುದೂರ ಹೋಗಬೇಕಾಗಿಲ್ಲ. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ೧೮೮೪ರಲ್ಲಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ಹುಟ್ಟಿತು. ಮುಂದೆ ಅದನ್ನು ನಡೆಸಿ ಕರ್ನಾಟಕದಾಚೆಗೂ ಹೆಸರು ತಂದವರು ಗುಬ್ಬಿ ವೀರಣ್ಣನವರು (೧೮೯೧–೧೯೭೨). ಕಂಪನಿಯು ಊರಿಂದೂರಿಗೆ ಹೊರಟಿತೆಂದರೆ ಪರದೆಗಳೊಡನೆ ವೇಷದ ಪೆಟಾರಿಗಳೂ ಹೊರಡುತ್ತಿದ್ದವು. ಅವುಗಳಲ್ಲಿ ಮಖಮಲ್ಲಿನ ಕೋಟು, ಜರಿಯಂಚಿನ ಮೇಲುಹೊದಿಕೆ, ಬೇಗಡೆ ಅಂಟಿಸಿದ ಕಿರೀಟ, ಭುಜಕೀರ್ತಿ, ಹೆಗಲಿನವರೆಗೆ ಇಳಿಯುವ ಗುಂಗುರು ಕೂದಲಿನ ಟೋಪನ್ನು. ಇದೇ ಪೆಟಾರಿಯಿಂದ ದುರ್ಯೋಧನನೂ ಹೊರಬರುವನು, ಐತಿಹಾಸಿಕ ದೊರೆಯೂ ಹೊರಬರುವನು. ಕಿರೀಟವು ಒಂದೇ, ತಲೆಗಳು ಬೇರೆ. ೧೯೩೪ರಲ್ಲಿ "ಕುರುಕ್ಷೇತ್ರ"ವನ್ನಾಡಿದಾಗ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿಯದು. ವೈಭವದಲ್ಲಿ ಕೊರತೆಯೆಂಬುದು ಅಲ್ಲಿ ಸಲ್ಲದು.

ಈ ಪೆಟಾರಿಗೆ ಬಟ್ಟೆಗಳು ಬಂದುದೆಲ್ಲಿಂದ? ಮುಖ್ಯವಾಗಿ ಮೂರು ಕಡೆಗಳಿಂದ. ಮುಂಬಯಿಯಿಂದ ಬಂದ ಪಾರ್ಸಿ ನಾಟಕ ಕಂಪನಿಗಳು ಮಿನುಗುವ ಪೋಷಾಕನ್ನೂ ಬಣ್ಣದ ಪರದೆಯನ್ನೂ ದಕ್ಷಿಣಕ್ಕೆ ಕಲಿಸಿದುವು. ರಾಜಾ ರವಿವರ್ಮರ (೧೮೪೮–೧೯೦೬) ವರ್ಣಚಿತ್ರಗಳು ೧೮೯೪ರಿಂದ ಅಚ್ಚಾಗಿ ಮನೆಮನೆಯ ಗೋಡೆಯನ್ನೇರಿ, ದೇವತಾಸ್ತ್ರೀಯರೆಲ್ಲರಿಗೂ ತೋಳಿನ ಕುಪ್ಪಸವನ್ನೂ ಜರಿಸೀರೆಯನ್ನೂ ಉಡಿಸಿದುವು. ಮೈಸೂರು ಅರಮನೆಗೂ ಅವರು ಚಿತ್ರಗಳನ್ನು ಬರೆದುಕೊಟ್ಟರು. ಭಾರತೀಯ ಚಲಚ್ಚಿತ್ರದ ಜನಕರೆನಿಸಿದ ದಾದಾಸಾಹೇಬ ಫಾಲ್ಕೆಯವರು ಮೊದಲು ದುಡಿದದ್ದೂ ರವಿವರ್ಮ ಮುದ್ರಣಾಲಯದಲ್ಲಿಯೇ. ಮೂರನೆಯದು ಮೈಸೂರಿನ ದರ್ಬಾರು. ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಬೆಳೆದ ರಂಗಭೂಮಿಗೆ ಅರಸನೆಂದರೆ ಕಣ್ಣೆದುರಿಗಿದ್ದ ಅರಸನೇ; ನಿಲುವಂಗಿ, ಸರಪಣಿ, ರತ್ನಖಚಿತ ತುರಾಯಿಯ ಪೇಟ ಎಲ್ಲವೂ ಅಲ್ಲಿಂದ ರಂಗಕ್ಕಿಳಿದುವು. ಹೀಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಇಪ್ಪತ್ತು, ಇಪ್ಪತ್ತೈದು ವರ್ಷಗಳಲ್ಲಿ ಸಿದ್ಧವಾದ ಉಡುಗೆಯು ನಾಲ್ಕನೆಯ ಶತಮಾನದ ಮಯೂರನಿಗೂ ಹದಿನೇಳನೆಯ ಶತಮಾನದ ರಣಧೀರ ಕಂಠೀರವನಿಗೂ ಸಮನಾಗಿ ಒಪ್ಪಿಸಲ್ಪಟ್ಟಿತು.

ಇದನ್ನು ದೋಷವೆಂದು ನಾನು ಹೇಳಲಾರೆ. ನಾಟಕವು ಗ್ಯಾಸ್ ದೀಪದ ಬೆಳಕಿನಲ್ಲಿ ನಡೆಯತಕ್ಕದ್ದು. ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತವನಿಗೂ ಇವನು ದೊರೆ, ಇವನು ಮಂತ್ರಿ ಎಂದು ಒಡನೆಯೇ ತಿಳಿಯಬೇಕು. ಬೇಗಡೆಯು ಹೊಳೆದರೆ ಸಾಕು, ಅದು ಚಿನ್ನವಾಗಬೇಕೆಂಬ ನಿಯಮವಿಲ್ಲ. ನಮ್ಮ ಸೀಮೆಯ ಮೂಡಲಪಾಯ ಯಕ್ಷಗಾನವನ್ನು ನೋಡಿದವರಿಗೆ ಈ ಮಾತು ಸುಲಭವಾಗಿ ಮನದಟ್ಟಾಗುವುದು. ಅಲ್ಲಿನ ಕಿರೀಟ ಭುಜಕೀರ್ತಿಗಳು ತಾವು ಈ ಲೋಕದವಲ್ಲವೆಂದು ತಾವೇ ಸಾರುತ್ತವೆ. ಅದನ್ನು ಕಂಡು ಕರ್ಣನು ಹೀಗೆಯೇ ಉಡುತ್ತಿದ್ದನೆಂದು ನಂಬುವ ಹಳ್ಳಿಗನು ಯಾವನೂ ಇಲ್ಲ. ಚಲಚ್ಚಿತ್ರದ ಮಾತು ಬೇರೆ. ಅದು ನಿಜವಾದ ಬೆಟ್ಟವನ್ನು, ನಿಜವಾದ ಹೊಳೆಯನ್ನು, ಹಂಪೆಯ ನಿಜವಾದ ಕಂಬಗಳನ್ನು ತೋರಿಸಿ, ಅವುಗಳ ನಡುವೆ ಪೆಟಾರಿಯ ವೇಷವನ್ನು ನಿಲ್ಲಿಸುತ್ತದೆ. ಕಲ್ಲು ನಿಜವಾದ ಮೇಲೆ ಕೋಟೂ ನಿಜವಾಗಿದ್ದೀತೆಂದು ನೋಟಕನು ನಂಬುತ್ತಾನೆ. ಕೆಡುಕು ಇರುವುದು ಈ ನಂಬಿಕೆಯಲ್ಲಿ.

ಪೆಟಾರಿಯು ರಂಗದಿಂದ ಸ್ಟುಡಿಯೋಗೆ ದಾಟಿದ ದಾರಿಯು ಬಹಳ ಸರಳ. ವೀರಣ್ಣನವರೇ "ಹೇಮರೆಡ್ಡಿ ಮಲ್ಲಮ್ಮ" (೧೯೪೫), "ಬೇಡರ ಕಣ್ಣಪ್ಪ" (೧೯೫೪) ಮೊದಲಾದ ಚಿತ್ರಗಳ ನಿರ್ಮಾಣಕ್ಕೆ ಕೈಹಾಕಿದರು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್, ಬಿ. ಆರ್. ಪಂತುಲು ಇವರೆಲ್ಲರೂ ಗುಬ್ಬಿ ಕಂಪನಿಯ ಅನ್ನವನ್ನುಂಡವರು. ಬಣ್ಣ ಹಚ್ಚುವ ಕೈಯೂ ಅದೇ, ಹಚ್ಚಿಸಿಕೊಳ್ಳುವ ಮುಖವೂ ಅದೇ. ಆ ಕಾಲದ ಕನ್ನಡ ಚಿತ್ರಗಳು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದುದರಿಂದ ತಮಿಳು ತೆಲುಗು ಪೌರಾಣಿಕ ಚಿತ್ರಗಳ ವೇಷಗಳ ಮಾದರಿಯೂ ಇದರೊಡನೆ ಬೆರೆಯಿತು. ಚೋಳನಿಗೂ ಚಾಲುಕ್ಯನಿಗೂ ಉಡುಗೆಯಲ್ಲಿ ಭೇದವಿಲ್ಲದಾಯಿತು.

ಶರಣರ ಚಿತ್ರಗಳನ್ನು ನೋಡೋಣ. ೧೯೫೯ರ "ಜಗಜ್ಯೋತಿ ಬಸವೇಶ್ವರ"ವನ್ನು ಟಿ. ವಿ. ಸಿಂಗ್ ಠಾಕೂರರು ನಿರ್ದೇಶಿಸಿದರು. ಹೊನ್ನಪ್ಪ ಭಾಗವತರು ಬಸವಣ್ಣನವರಾಗಿಯೂ ರಾಜಕುಮಾರರು ಬಿಜ್ಜಳನಾಗಿಯೂ ಅಭಿನಯಿಸಿದರು. ಭಾಗವತರೂ ಗುಬ್ಬಿಯವರ ಚಿತ್ರಗಳಲ್ಲಿ ಪಳಗಿದವರೇ. ೧೯೮೩ರಲ್ಲಿ ಕೆ. ಎಸ್. ಎಲ್. ಸ್ವಾಮಿಯವರ "ಕ್ರಾಂತಿಯೋಗಿ ಬಸವಣ್ಣ" ಬಂದಿತು. ಇವುಗಳಿಂದ ಶರಣತತ್ತ್ವವು ಎಷ್ಟೋ ಮನೆಗಳನ್ನು ಹೊಕ್ಕಿತೆಂಬುದು ನಿರ್ವಿವಾದ. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣದ ಆಸ್ಥಾನವನ್ನು ಕಟ್ಟಿಕೊಡಲು ಹೊರಡುವ ಯಾರಿಗಾದರೂ ಪೆಟಾರಿಗಿಂತ ನೆಚ್ಚಿನ ಆಧಾರವೊಂದು ಕೈಗೆಟುಕುವಂತಿದೆ. ಅದು ಆ ಕಲ್ಯಾಣದಲ್ಲಿಯೇ ಹುಟ್ಟಿದ್ದು. ಬಸವಣ್ಣನವರಿಗೆ ಒಂದು ತಲೆಮಾರು ಹಿಂದೆ ಅಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ "ಮಾನಸೋಲ್ಲಾಸ" ಅಥವಾ "ಅಭಿಲಷಿತಾರ್ಥಚಿಂತಾಮಣಿ"ಯೇ ಅದು. ಮೈಸೂರಿನಲ್ಲಿ ೧೯೨೬ರಲ್ಲಿ ಅದರ ಮೊದಲ ಭಾಗವನ್ನು ಶ್ಯಾಮಶಾಸ್ತ್ರಿಗಳು ಪ್ರಕಟಿಸಿದರು. ಬರೋಡೆಯ ಗ್ರಂಥಮಾಲೆಯಲ್ಲಿ ೧೯೨೫ರಿಂದ ಮೊದಲಾಗಿ ಮೂರು ಸಂಪುಟಗಳು ಹೊರಬಂದುವು.

ಆ ಗ್ರಂಥದ ಮೂರನೆಯ ವಿಂಶತಿಯಲ್ಲಿ ಅರಸನ ಉಪಭೋಗಗಳು ಇಪ್ಪತ್ತನ್ನು ವಿವರಿಸಿದೆ. ಸ್ನಾನ, ಪಾದುಕೆ, ತಾಂಬೂಲ, ವಿಲೇಪನ, ವಸ್ತ್ರ, ಮಾಲ್ಯ, ಭೂಷಣ, ಆಸನ, ಚಾಮರ, ಆಸ್ಥಾನ, ಛತ್ರ ಎಂಬಿವು ಒಂದೊಂದೂ ಅದರಲ್ಲಿ ಒಂದೊಂದು ಪ್ರಕರಣ. ವಸ್ತ್ರದ ಪ್ರಕರಣದಲ್ಲಿ ಅಣಹಿಲವಾಡ, ಮೂಲಸ್ಥಾನ, ನಾಗಪಟ್ಟಣ, ಸಿಂಹಳ ಮುಂತಾದ ದೂರದ ಎಡೆಗಳಿಂದ ಬರುವ ಬಟ್ಟೆಗಳ ಹೆಸರುಗಳಿವೆ. ಹತ್ತಿ, ರೇಷ್ಮೆ, ಉಣ್ಣೆಗಳಿವೆ. ಯಾವ ಋತುವಿನಲ್ಲಿ ಯಾವ ಬಗೆಯದನ್ನು ಉಡಬೇಕೆಂಬ ನಿಯಮವಿದೆ. ಋತುವಿಗೆ ತಕ್ಕಂತೆ ಬಟ್ಟೆಯನ್ನು ಬದಲಿಸುವ ಈ ಅರಸನು, ಬೇಸಗೆಯ ನಡುಹಗಲಿನಲ್ಲಿಯೂ ಮಖಮಲ್ಲಿನ ಕೋಟನ್ನು ತೊಟ್ಟು ಬೆವರುವ ತೆರೆಯ ಅರಸನಿಗೆ ಎಷ್ಟು ದೂರದವನು! ಮಖಮಲ್ಲನ್ನು ವಿಜಯನಗರಕ್ಕೆ ಬಂದ ಪೋರ್ಚುಗೀಸರು ಹೆಸರಿಸುತ್ತಾರೆ. ಅದನ್ನು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಒಯ್ಯಲು ಆಧಾರವಿಲ್ಲ.

ಕಿರೀಟದ ಮಾತು ಇನ್ನೂ ಸೂಕ್ಷ್ಮವಾದದ್ದು. ದೊರೆಯಾಗುವುದನ್ನು ನಮ್ಮ ಹಳೆಯ ಕನ್ನಡವು "ಪಟ್ಟಗಟ್ಟುವುದು" ಎನ್ನುತ್ತದೆ. ಕಟ್ಟತಕ್ಕದ್ದು ಪಟ್ಟ, ಎಂದರೆ ಹಣೆಗೆ ಬಿಗಿಯುವ ಚಿನ್ನದ ಪಟ್ಟಿ. ತಲೆಯ ಮೇಲೆ ಇಡತಕ್ಕ ಗೋಪುರವಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪಟ್ಟಲಕ್ಷಣವೆಂದೇ ಒಂದು ಅಧ್ಯಾಯವಿದೆ. ಅರಸನ ಪಟ್ಟವು ನಡುವೆ ಎಂಟು ಅಂಗುಲ ಅಗಲ, ರಾಣಿಯದು ಏಳು, ಯುವರಾಜನದು ಆರು, ಸೇನಾಪತಿಯದು ನಾಲ್ಕು, ಅನುಗ್ರಹಕ್ಕಾಗಿ ಕೊಡುವ ಪ್ರಸಾದಪಟ್ಟವು ಎರಡು. ಅರಸನದಕ್ಕೆ ಐದು ಶಿಖೆಗಳು, ಸೇನಾಪತಿಯದಕ್ಕೆ ಒಂದೇ. ಆದುದರಿಂದ ರಾಜ್ಯದ ಭಂಡಾರವನ್ನು ನೋಡುತ್ತಿದ್ದ ಬಸವಣ್ಣನವರ ಹಣೆಯ ಮೇಲೆ ಎರಡು ಬೆರಳಿನ ಒಂದು ಪಟ್ಟಿಯು ಇದ್ದಿರಬಹುದೆಂದರೆ ಅಸಂಭವವೆನ್ನಲಾಗದು. ದೇವತಾವಿಗ್ರಹಗಳಿಗೆ ಶಿಲ್ಪಶಾಸ್ತ್ರವು ವಿಧಿಸಿದ ಕಿರೀಟಮುಕುಟವನ್ನು ಅವರಿಗೆ ತೊಡಿಸುವುದು ಭಕ್ತಿ, ಚರಿತ್ರೆಯಲ್ಲ. ಎರಡಕ್ಕೂ ಸ್ಥಳವುಂಟು, ಎರಡೂ ಒಂದೇ ಅಲ್ಲ.

ಮುಕುಟಕ್ಕಿಂತಲೂ ನನಗೆ ಹೆಚ್ಚಾಗಿ ಕಾಡುವುದು ಉಳಿದ ಶರಣರ ಉಡುಗೆ. ಅನುಭವಮಂಟಪದ ದೃಶ್ಯವೆಂದರೆ ನಮ್ಮ ತೆರೆಯ ಮೇಲೂ ಮೆರವಣಿಗೆಯ ಗಾಡಿಗಳ ಮೇಲೂ ಎಲ್ಲರೂ ಒಗೆದು ಮಡಿಸಿದ ಬಿಳಿಯ ಇಲ್ಲವೆ ಕಾವಿಯ ವಸ್ತ್ರವನ್ನುಟ್ಟು, ಒಂದೇ ಅಳತೆಯ ವಿಭೂತಿಯನ್ನು ಧರಿಸಿ ಸಾಲಾಗಿ ಕುಳಿತಿರುವರು. ಮಡಿವಾಳ ಮಾಚಯ್ಯನವರು ಬಟ್ಟೆಯ ಗಂಟನ್ನು ಹೊತ್ತವರು. ಅಂಬಿಗರ ಚೌಡಯ್ಯನವರು ಹೊಳೆಯ ನೀರಿನಲ್ಲಿ ನಿಂತವರು. ಜೇಡರ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತವರು. ಕಾಯಕದ ಗುರುತು ಮೈಮೇಲೆ ಬೀಳದೆ ಇದ್ದೀತೇ? ಹಡಪದ ಅಪ್ಪಣ್ಣನವರ ಹಡಪವೆಂದರೆ ತಾಂಬೂಲದ ಚೀಲ. ಸೋಮೇಶ್ವರನ ಗ್ರಂಥದಲ್ಲಿ ತಾಂಬೂಲವು ಒಂದು ಪ್ರತ್ಯೇಕ ಭೋಗವೆನಿಸಿರುವುದನ್ನು ನೋಡಿದರೆ ಆ ಚೀಲವನ್ನು ಹಿಡಿಯುವುದು ಎಷ್ಟು ಹತ್ತಿರದ ಸೇವೆಯೆಂಬುದು ತಿಳಿಯುತ್ತದೆ. ನುಲಿಯ ಚಂದಯ್ಯನವರ ಹಗ್ಗವನ್ನು ನೆನೆದಾಗ ತೆಂಗಿನ ಸೀಮೆಯವರಾದ ನಮಗೆ ನಾರೇ ಕಣ್ಣಮುಂದೆ ಬರುವುದು ಸಹಜ. ಆದರೆ ಶೂನ್ಯಸಂಪಾದನೆಯ ಚಂದಯ್ಯನವರು ಕೆರೆಗಿಳಿದು ಕೊಯ್ಯುವುದು ಹೊಡಕೆಯ ಹುಲ್ಲನ್ನು. ನೀರಿಗಿಳಿಯುವವನ ಉಡುಗೆಯು ಮೊಣಕಾಲಿನ ಮೇಲಿರಬೇಕು. ಇಷ್ಟು ಸಣ್ಣ ಮಾತನ್ನು ನೆನಪಿಟ್ಟುಕೊಂಡರೂ ಚಂದಯ್ಯನವರು ಪರದೆಯ ಬೊಂಬೆಯಾಗದೆ ಮನುಷ್ಯರಾಗಿ ನಿಲ್ಲುವರು. ಅರಮನೆಯ ಅಂದಾಜಿನಿಂದ ಹೊಲಿದ ವೇಷವು ಬಡವರ ಕಾಯಕವನ್ನೇ ಮರೆಮಾಡುವುದಾದರೆ, ಶರಣರ ಕಥೆಯಲ್ಲಿ ಆಗುವ ನಷ್ಟವು ಬರಿಯ ಬಟ್ಟೆಯ ನಷ್ಟವಲ್ಲ.

ಅಕ್ಕಮಹಾದೇವಿಯವರ ವಿಷಯದಲ್ಲಿ ಕೇಶವೇ ಚರಿತ್ರೆ. ಉಡುಗೆಯನ್ನು ತೊರೆದ ಅವರು ಕೂದಲನ್ನೇ ಹೊದಿಕೆಯಾಗಿ ಧರಿಸಿದರೆಂಬುದು ಪರಂಪರೆಯಿಂದ ಬಂದ ಮಾತು. ಅದನ್ನು ತೆರೆಯ ಮೇಲೆ ತೋರಿಸುವುದು ಕಷ್ಟ. ಸೆನ್ಸಾರಿನವರೂ ಇದ್ದಾರೆ, ಭಕ್ತರ ಭಾವನೆಯೂ ಇದೆ. ಬಿಳಿಯ ಸೀರೆಯನ್ನುಡಿಸಿ ಕೂದಲನ್ನು ಬಿಡಿಸಿ ತೋರಿಸುವ ಮಧ್ಯಮಾರ್ಗವನ್ನು ಹಿಡಿದ ನಿರ್ದೇಶಕರನ್ನು ನಾನು ನಿಂದಿಸುವುದಿಲ್ಲ. ಆ ಬಿಳಿಯ ಸೀರೆಗೆ ಹೊಸದಾಗಿ ಇಸ್ತ್ರಿಯನ್ನು ಮಾಡಿಸದೆ, ಆ ಕೂದಲಿಗೆ ಎಣ್ಣೆಬಾಚಣಿಗೆಗಳನ್ನು ತೋರಿಸದೆ ಇದ್ದರೆ ಉಡುತಡಿಯಿಂದ ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದ ದಾರಿಯು ಸ್ವಲ್ಪವಾದರೂ ಕಂಡೀತು.

ಗ್ರಂಥವು ಹೇಳಿದ್ದನ್ನು ಕಲ್ಲು ತೋರಿಸುತ್ತದೆ. ಈ ಭಾಗ್ಯದಲ್ಲಿ ನಮ್ಮ ಸೀಮೆಯು ಬಡದಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯವು ಒಂಬತ್ತನೆಯ ಶತಮಾನದ್ದು. ಅದರ ಭುವನೇಶ್ವರಿಯಲ್ಲಿ ನರ್ತಿಸುವ ಶಿವನ ಸುತ್ತ ದಿಕ್ಪಾಲಕರಿದ್ದಾರೆ. ಅದೇ ಊರಿನ ಚೆನ್ನಕೇಶವ ದೇವಾಲಯವು ಹೊಯ್ಸಳರ ಕಾಲದ್ದು, ಹೊನ್ನೋಜನೆಂಬ ರೂವಾರಿಯ ಕೆಲಸ. ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯವು ೧೨೮೬ರದು. ತುರುವೇಕೆರೆಯಲ್ಲಿ ಮೂಲೆ ಶಂಕರೇಶ್ವರವಿದೆ. ನೆರೆಯ ನುಗ್ಗೇಹಳ್ಳಿಯಲ್ಲಿ ೧೨೪೬ರ ಲಕ್ಷ್ಮೀನರಸಿಂಹವಿದೆ, ಅಲ್ಲಿ ಬೈಚೋಜ ಮಲ್ಲಿತಮ್ಮರ ಉಳಿಯ ಕೆಲಸವನ್ನು ಹತ್ತಿರದಿಂದ ನೋಡಬಹುದು. ಇವುಗಳ ಗೋಡೆಗಳ ಮೇಲೆ ದೇವರುಗಳಷ್ಟೇ ಇರುವುದಲ್ಲ. ಪಟ್ಟಿಕೆಗಳಲ್ಲಿ ಸವಾರರೂ ಕಾಲಾಳುಗಳೂ ವಾದ್ಯಗಾರರೂ ಕುಣಿಯುವ ಹೆಂಗಸರೂ ಸಾಲುಗಟ್ಟಿ ನಿಂತಿದ್ದಾರೆ. ಬಹುಮಟ್ಟಿಗೆ ಗಂಡಸರ ಎದೆ ಬರಿದು, ನಡುವಿಗೆ ಗಿಡ್ಡ ವಸ್ತ್ರ, ಅದರ ಮೇಲೆ ನಡುಕಟ್ಟು, ಅದಕ್ಕೆ ಸಿಕ್ಕಿಸಿದ ಬಾಕು. ತಲೆಗೂದಲು ಹಿಂದಕ್ಕೋ ಪಕ್ಕಕ್ಕೋ ಗಂಟಾಗಿ ಕಟ್ಟಿದ ತುರುಬು. ಗಂಡಸಿಗೂ ತುರುಬೇ! ಹೆಗಲ ಮೇಲೆ ಅಲೆಯಲೆಯಾಗಿ ಇಳಿಬಿಟ್ಟ ಕೂದಲಿನಿಂದ ಕಾಳಗಕ್ಕಿಳಿಯುವ ತೆರೆಯ ವೀರನನ್ನು ಕಂಡರೆ ಈ ಕಲ್ಲಿನ ಭಟರು ನಕ್ಕಾರು. ಎದುರಾಳಿಯ ಕೈಗೆ ಹಿಡಿಕೆಯನ್ನು ಕೊಟ್ಟಂತಲ್ಲವೇ ಅದು? ಬೇಗೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಗಂಗರ ಕಾಲದ ವೀರಗಲ್ಲು ಒಂದು ಯುದ್ಧವನ್ನೇ ತೋರಿಸುವುದು. ಕಾಳಗದ ದೃಶ್ಯವನ್ನು ತೆಗೆಯುವ ಮುಂಚೆ ಅದರ ಮುಂದೆ ಒಂದು ಗಂಟೆ ನಿಂತರೆ ಅರ್ಧ ಸಂದೇಹಗಳು ತೀರುವುವು. ನಮ್ಮ ಊರುಗಳ ಕೆರೆಯೇರಿಗಳ ಮೇಲೆ, ಮಾರಮ್ಮನ ಗುಡಿಗಳ ಪಕ್ಕದಲ್ಲಿ ಸುಣ್ಣ ಬಳಿಸಿಕೊಂಡು ನಿಂತಿರುವ ವೀರಗಲ್ಲುಗಳೂ ಇದೇ ಪಾಠವನ್ನು ಹೇಳುವ ಉಪಾಧ್ಯಾಯರು.

ಆದರೆ ಕಲ್ಲನ್ನು ಛಾಯಾಚಿತ್ರವೆಂದು ತಿಳಿಯಕೂಡದು. ರೂವಾರಿಯು ಕೆತ್ತುವುದು ಕಂಡದ್ದನ್ನು ಮಾತ್ರವಲ್ಲ, ಶಾಸ್ತ್ರವು ಹೇಳಿದ್ದನ್ನೂ, ಸಂಪ್ರದಾಯವು ಕಲಿಸಿದ್ದನ್ನೂ. ಬೇಲೂರಿನ ಮದನಿಕೆಯರ ಮೈಮೇಲಿನ ಒಡವೆಗಳ ಭಾರವನ್ನು ಹೊತ್ತು ಯಾವ ಹೆಣ್ಣೂ ದಿನವಿಡೀ ಮನೆಗೆಲಸ ಮಾಡಿರಲಾರಳು. ಸ್ತ್ರೀಯರ ಎದೆಯು ಕಲ್ಲಿನಲ್ಲಿ ಬರಿದಾಗಿರುವುದು ಬಳಕೆಯೋ ಶಿಲ್ಪದ ರೂಢಿಯೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಕುಪ್ಪಸ, ಕಂಚುಕ ಎಂಬ ಮಾತುಗಳು ನಮ್ಮ ಹಳೆಯ ಕಾವ್ಯಗಳಲ್ಲಿಯೇ ಇವೆ. ಬಡವರನ್ನಂತೂ ಕಲ್ಲು ಅಪರೂಪವಾಗಿ ಕೆತ್ತುತ್ತದೆ. ಗ್ರಂಥ, ಶಾಸನ, ಶಿಲ್ಪ ಮೂರನ್ನೂ ಮುಂದಿಟ್ಟುಕೊಂಡು ತೂಗಿನೋಡಬೇಕು.

ಕಲ್ಲಿನ ಮಾತು ಬಂದ ಮೇಲೆ ಜಕಣಾಚಾರಿಯನ್ನು ಬಿಡುವಂತಿಲ್ಲ. ಕನ್ನಡದ ಮೊದಲನೆಯ ಪೂರ್ಣ ವರ್ಣಚಿತ್ರವು ೧೯೬೪ರ "ಅಮರಶಿಲ್ಪಿ ಜಕಣಾಚಾರಿ", ನಿರ್ದೇಶಕರು ಬಿ. ಎಸ್. ರಂಗಾ, ನಾಯಕರು ಕಲ್ಯಾಣಕುಮಾರ್. ಐತಿಹ್ಯದ ಪ್ರಕಾರ ಜಕಣನು ನಮ್ಮ ಜಿಲ್ಲೆಯ ಕೈದಾಳದವನು. ಬೇಲೂರಿನ ಮೂರ್ತಿಗಳ ಕೆಳಗೆ ಸಹಿಯನ್ನು ಬಿಟ್ಟು ಹೋದವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು. ಜಕಣನ ಹೆಸರು ಅಲ್ಲಿಲ್ಲ. ಕೈದಾಳದ ಗುಡಿಯಲ್ಲಿ ಕೈಮುಗಿದು ನಿಂತ ಒಂದು ಚಿಕ್ಕ ಮೂರ್ತಿಯನ್ನು ಜನರು ಜಕಣನೆನ್ನುವರು, ವಿದ್ವಾಂಸರು ಗುಡಿಯನ್ನು ಕಟ್ಟಿಸಿದ ಬಾಚಿಯೆನ್ನುವರು. ಇಬ್ಬರಲ್ಲಿ ಯಾರಾದರೂ ಆಗಲಿ, ಹನ್ನೆರಡನೆಯ ಶತಮಾನದ ನಮ್ಮ ನೆಲದ ಒಬ್ಬ ಮನುಷ್ಯನ ರೂಪವೆಂಬಷ್ಟಕ್ಕೇ ಅದು ಬೆಲೆಯುಳ್ಳದ್ದು. ಬಣ್ಣವು ಬಂದೊಡನೆ ಐತಿಹಾಸಿಕ ಚಿತ್ರದ ಹೊಣೆಯು ಹೆಚ್ಚಿತು. ಕಪ್ಪುಬಿಳುಪಿನಲ್ಲಿ ಮರೆಯಾಗುತ್ತಿದ್ದ ಬಣ್ಣಗ್ರಹಿಕೆಯ ತಪ್ಪುಗಳು ಇಲ್ಲಿ ಎದ್ದು ಕಾಣತೊಡಗಿದುವು. ಗಿಡಬೇರುಗಳ ಬಣ್ಣವನ್ನು ಮಾತ್ರ ಬಲ್ಲ ಕಾಲಕ್ಕೆ ಕಾರ್ಖಾನೆಯ ಕಡುಗುಲಾಬಿಯನ್ನು ಉಡಿಸಿದರೆ ಶತಮಾನಗಳ ಅಂತರವು ಒಂದು ನೋಟಕ್ಕೇ ಹೊರಬೀಳುವುದು.

ಇನ್ನೂ ಹಿಂದಿನ ಕಾಲಕ್ಕೆ ಹೋದರೆ ಆಧಾರಗಳು ತೆಳುವಾಗುತ್ತವೆ. ೧೯೭೫ರ "ಮಯೂರ"ವು ದೇವುಡು ಅವರ ಕಾದಂಬರಿಯಿಂದ ಬಂದದ್ದು. ಕದಂಬ ಮಯೂರಶರ್ಮನ ಕಥೆಯನ್ನು ತಾಳಗುಂದದ ಸ್ತಂಭಶಾಸನವು ಹೇಳುತ್ತದೆ, ರೂಪವನ್ನು ಹೇಳುವುದಿಲ್ಲ. ಅಲ್ಲಿ ನಿರ್ದೇಶಕನಿಗೆ ಊಹೆಯ ಸ್ವಾತಂತ್ರ್ಯವಿದೆಯೆಂದು ಒಪ್ಪಬೇಕು. "ಇಮ್ಮಡಿ ಪುಲಿಕೇಶಿ"ಯ (೧೯೬೭) ಕಾಲಕ್ಕೆ ಬಾದಾಮಿಯ ಮೂರನೆಯ ಗುಹೆಯಿದೆ, ೫೭೮ರದು. ಅಲ್ಲಿನ ಕೆಲವು ಆಕೃತಿಗಳಿಗೆ ಗುಂಗುರುಗೂದಲು ಇರುವುದರಿಂದ ಪೆಟಾರಿಯ ಟೋಪನ್ನು ಅಕಸ್ಮಾತ್ತಾಗಿ ಸರಿಹೋಗುವ ಒಂದೇ ಎಡೆ ಅದೆಂದು ಹೇಳಬಹುದೇನೋ! ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ ೧೯೯೦ರ ದಶಕದಲ್ಲಿ ಅಗೆದಾಗ ಸಿಕ್ಕಿದ ಬೌದ್ಧ ಸ್ತೂಪದ ಒಂದು ಫಲಕದ ಮೇಲೆ "ರಾಯೋ ಅಸೋಕೋ" ಎಂದು ಬ್ರಾಹ್ಮಿಯಲ್ಲಿ ಬರೆದಿದೆ. ಅಶೋಕ ಚಕ್ರವರ್ತಿಯೇ ಅಲ್ಲಿ ರಾಣಿಯೊಡನೆ ನಿಂತಿದ್ದಾನೆ. ತಲೆಯ ಮೇಲಿರುವುದು ಕಿರೀಟವಲ್ಲ, ಸುತ್ತಿದ ಮುಂಡಾಸು.

ಎಲ್ಲಕ್ಕಿಂತ ಹೆಚ್ಚಿನ ಆಧಾರವಿದ್ದೂ ಹೆಚ್ಚಾಗಿ ಕಡೆಗಣಿಸಲ್ಪಟ್ಟದ್ದು ವಿಜಯನಗರದ ಕಾಲ. ಪಂತುಲು ಅವರ "ಶ್ರೀಕೃಷ್ಣದೇವರಾಯ" (೧೯೭೦) ಚಿತ್ರದ ಅಭಿನಯದ ಸೊಗಸನ್ನು ನೋಡಿದವರು ಮರೆತಿಲ್ಲ. ರಾಜಕುಮಾರರ ರಾಯ, ಪಂತುಲು ಅವರ ತಿಮ್ಮರಸು ಕಣ್ಣಿಗೆ ಕಟ್ಟಿದಂತಿದ್ದಾರೆ. ಆದರೆ ರಾಯರ ಉಡುಗೆಯ ವಿಷಯದಲ್ಲಿ ನಮಗೆ ಮೂರು ಕಣ್ಣುಸಾಕ್ಷಿಗಳಿವೆ. ಸುಮಾರು ೧೫೨೦ರಲ್ಲಿ ಬಂದ ಪೋರ್ಚುಗೀಸ ದೊಮಿಂಗೊ ಪಾಯೆಸನು ರಾಯರನ್ನು ಕಂಡು ಬರೆದುದರ ಸಾರವಿಷ್ಟು: ಚಿನ್ನದ ಗುಲಾಬಿಗಳ ಕಸೂತಿಯ ಬಿಳಿಯ ಬಟ್ಟೆ, ಕೊರಳಲ್ಲಿ ಬೆಲೆಬಾಳುವ ವಜ್ರದ ಆಭರಣ, ತಲೆಯ ಮೇಲೆ ಶಿರಸ್ತ್ರಾಣದಂತೆ ಎತ್ತರವಾದ ಜರತಾರಿಯ ಟೊಪ್ಪಿಗೆ, ಕಾಲು ಬರಿಗಾಲು. ತಿರುಮಲೆಯ ಗುಡಿಯಲ್ಲಿ ತಿರುಮಲದೇವಿ ಚಿನ್ನಾದೇವಿಯರ ನಡುವೆ ಕೈಮುಗಿದು ನಿಂತ ರಾಯರ ಲೋಹವಿಗ್ರಹದಲ್ಲಿಯೂ ತಲೆಯ ಮೇಲೆ ಅದೇ ನೀಳ ಟೊಪ್ಪಿಗೆ. ದೇವರ ಮುಂದಾದುದರಿಂದ ಮೇಲ್ಮೈಗೆ ಅಂಗಿಯಿಲ್ಲ. ಮೂರನೆಯದು, ನಮ್ಮ ಜಿಲ್ಲೆಯ ಎಲ್ಲೆಯಾಚೆಗೆ ಹಿಂದೂಪುರದ ಬಳಿಯಿರುವ ಲೇಪಾಕ್ಷಿಯ ವೀರಭದ್ರ ದೇವಾಲಯದ ಮೇಲ್ಛಾವಣಿಯ ಚಿತ್ರಗಳು. ಅಚ್ಯುತರಾಯನ ಕಾಲದಲ್ಲಿ ಆ ಗುಡಿಯನ್ನು ಕಟ್ಟಿಸಿದ ವಿರುಪಣ್ಣನೂ ಅವನ ಪರಿವಾರವೂ ಬಿಳಿಯ ತೆಳುವಾದ ನಿಲುವಂಗಿಗಳಲ್ಲಿ, ಉದ್ದನೆಯ ಟೊಪ್ಪಿಗೆಗಳಲ್ಲಿ ಅಲ್ಲಿ ನಿಂತಿದ್ದಾರೆ. ಹೆಂಗಸರ ಸೀರೆಗಳ ಬಗೆಬಗೆಯ ಅಂಚುಗಳನ್ನಂತೂ ನೇಕಾರರು ಇಂದಿಗೂ ಹೋಗಿ ನಕಲು ಮಾಡಿಕೊಳ್ಳಬಹುದು.

ಆ ಅಂಗಿಯ ಹೆಸರು ಕಬಾಯಿ, ಟೊಪ್ಪಿಗೆಯ ಹೆಸರು ಕುಲ್ಲಾಯಿ. ಒಂದು ಅರಬ್ಬಿಯಿಂದ, ಇನ್ನೊಂದು ಪಾರಸಿಯಿಂದ ಬಂದ ಮಾತು. ವಿಜಯನಗರದ ದೊರೆಗಳು ತಮ್ಮ ಕಾಲದ ದೊಡ್ಡ ಲೋಕದ ಆಸ್ಥಾನಗಳ ಉಡುಗೆಯನ್ನು ಅರಿತು ಆರಿಸಿಕೊಂಡರೆಂದು ಫಿಲಿಪ್ ವ್ಯಾಗ್ನರ್ ಎಂಬ ವಿದ್ವಾಂಸರು ೧೯೯೬ರ ಒಂದು ಲೇಖನದಲ್ಲಿ ವಿಸ್ತಾರವಾಗಿ ತೋರಿಸಿದ್ದಾರೆ. ೧೪೪೩ರಲ್ಲಿ ಬಂದ ಅಬ್ದುರ್ ರಜಾಕನು ಕಂಡ ದೇವರಾಯನೂ ರೇಷ್ಮೆಯ ಅಂಗಿಯಲ್ಲಿಯೇ ಕುಳಿತಿದ್ದನು. ಇಂತಹ ದೊರೆಗೆ ದುರ್ಯೋಧನನ ಕಿರೀಟವನ್ನಿಟ್ಟು ತೋರಿಸಿದರೆ, ಅವನು ಯಾವ ಲೋಕದೊಡನೆ ಸರಿಸಮನಾಗಿ ವ್ಯವಹರಿಸಿದನೋ ಆ ಲೋಕವೇ ಚಿತ್ರದಿಂದ ಅಳಿಸಿಹೋಗುವುದು. ತಮಾಷೆಯೆಂದರೆ, ರಾಯರ ತಲೆಯಿಂದ ಮರೆಯಾದ ಕುಲ್ಲಾಯಿಯು ನಮ್ಮ ಮನೆಗಳಿಂದ ಮರೆಯಾಗಿಲ್ಲ. ಕೂಸಿನ ತಲೆಗೆ ಕಟ್ಟುವ ಕುಲಾವಿಯು ಆ ಮಾತಿನ ಮರಿಯೇ.

ಈ ತಪ್ಪು ನಮ್ಮವರೊಬ್ಬರದೇ ಅಲ್ಲ. ಕೋಟ್ಯಂತರ ಡಾಲರುಗಳನ್ನು ಸುರಿದು ಹಾಲಿವುಡ್ಡಿನವರು ೧೯೬೩ರಲ್ಲಿ ತೆಗೆದ "ಕ್ಲಿಯೋಪಾತ್ರ"ಕ್ಕೆ ವಸ್ತ್ರವಿನ್ಯಾಸದ ಆಸ್ಕರ್ ಬಂದಿತು. ಆದರೂ ಆ ರಾಣಿಯ ಕಣ್ಣಿನ ಕಾಡಿಗೆಯನ್ನು ನೋಡಿದವರಿಗೆ ನೈಲ್ ನದಿಗಿಂತ ಆ ದಶಕದ ನ್ಯೂಯಾರ್ಕೇ ಹೆಚ್ಚಾಗಿ ನೆನಪಾಗುವುದು. ಉಡುಗೆಯಲ್ಲಿ ಎಚ್ಚರ ತಪ್ಪದವರೂ ಕೂದಲಿನಲ್ಲಿ ಎಡವುತ್ತಾರೆ. ನಟನು ತನ್ನ ಕೃತಾವನ್ನು ಬೋಳಿಸಲು ಒಪ್ಪನು, ನಟಿಯು ತನ್ನ ಮುಂಗುರುಳನ್ನು ಬಿಡಳು. ನೋಟಕರು ಗುರುತಿಸತಕ್ಕ ಮುಖವನ್ನು ಮರೆಸಲು ನಿರ್ಮಾಪಕನಿಗೂ ಧೈರ್ಯ ಸಾಲದು.

ಧೈರ್ಯ ಮಾಡಿದವರೂ ಇಲ್ಲದಿಲ್ಲ. ಗಿರೀಶ ಕಾರ್ನಾಡರ "ಒಂದಾನೊಂದು ಕಾಲದಲ್ಲಿ" (೧೯೭೮) ಚಿತ್ರವು ಚಕ್ರವರ್ತಿಗಳನ್ನು ಬಿಟ್ಟು ಕೂಲಿಗಾಗಿ ಕಾದುವ ಭಟರನ್ನು ಹಿಡಿಯಿತು; ಅಲ್ಲಿ ಬೇಗಡೆಗೆ ಕೆಲಸವಿಲ್ಲ, ಧೂಳು ಬೆವರುಗಳಿಗೆ ಕೆಲಸವಿದೆ. ಗಿರೀಶ ಕಾಸರವಳ್ಳಿಯವರ "ತಾಯಿ ಸಾಹೇಬ" (೧೯೯೭) ಸ್ವಾತಂತ್ರ್ಯದ ಹಿಂದುಮುಂದಿನ ಕಾಲದ್ದು. ಅದರ ವಸ್ತ್ರವಿನ್ಯಾಸಕ್ಕಾಗಿ ವೈಶಾಲಿ ಕಾಸರವಳ್ಳಿಯವರಿಗೆ ರಾಷ್ಟ್ರಪ್ರಶಸ್ತಿಯು ದೊರೆಯಿತು. ಹತ್ತಿರದ ಕಾಲವನ್ನು ತೋರಿಸುವುದೇ ಹೆಚ್ಚು ಕಷ್ಟವೆಂದು ನನ್ನ ಅಭಿಪ್ರಾಯ. ಸೀರೆಯ ನೆರಿಗೆಯೊಂದು ತಪ್ಪಿದರೂ ಅಜ್ಜಿಯರು ಬಿಡುವುದಿಲ್ಲ, ಪುಲಿಕೇಶಿಯ ಕಾಲದ ಅಜ್ಜಿಯರು ಬಂದು ದೂರುವ ಭಯವಿಲ್ಲ. ಶರಣಲೋಕಕ್ಕೇ ಸೇರಿದ ಇನ್ನೊಂದು ಚಿತ್ರವು ಟಿ. ಎಸ್. ನಾಗಾಭರಣರ "ಅಲ್ಲಮ", ೨೦೧೭ರಲ್ಲಿ ತೆರೆಕಂಡಿತು. ಅದರ ಮುಖವರ್ಣಿಕೆಗಾಗಿ ಎನ್. ಕೆ. ರಾಮಕೃಷ್ಣ ಅವರಿಗೆ ಅರುವತ್ತನಾಲ್ಕನೆಯ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಯಲ್ಲಿ ಬಹುಮಾನ ಬಂದಿತು. ಮದ್ದಳೆಕಾರನಾಗಿ ಮೊದಲುಗೊಂಡು ಪ್ರಭುವಾಗಿ ಮುಗಿಯುವ ಒಂದು ಬಾಳಿನ ವಯಸ್ಸು, ಜಡೆ, ಗಡ್ಡ, ಬಿಸಿಲು ಇವೆಲ್ಲವನ್ನೂ ಒಬ್ಬನೇ ನಟನ ಮುಖದ ಮೇಲೆ ತರುವುದು ಸಾಮಾನ್ಯವಾದ ಕೈಕೆಲಸವಲ್ಲ.

ಬಸವಜಯಂತಿಯ ಮೆರವಣಿಗೆಯಲ್ಲಿ ಮಕ್ಕಳಿಗೆ ವೇಷ ಹಾಕುವ ರೂಢಿಯು ನಮ್ಮ ಊರುಗಳಲ್ಲಿ ಬೆಳೆಯುತ್ತಿದೆ. ನಾಟಕದ ಸಾಮಾನನ್ನು ಬಾಡಿಗೆಗೆ ಕೊಡುವವರಲ್ಲಿ ಬಸವಣ್ಣನವರಿಗೆ ಕಿರೀಟವು ಒಡನೆಯೇ ಸಿಗುತ್ತದೆ. ಮಡಿವಾಳ ಮಾಚಯ್ಯನವರಿಗೆ ಬೇಕಾದ ಬಟ್ಟೆಯ ಗಂಟು, ಚಂದಯ್ಯನವರಿಗೆ ಬೇಕಾದ ಹುಲ್ಲಿನ ಹೊರೆ ಇವು ಮಾತ್ರ ಆ ಅಂಗಡಿಯಲ್ಲಿ ಇರುವುದಿಲ್ಲ. ಅವನ್ನು ಮನೆಯಿಂದಲೂ ಕೆರೆಯಿಂದಲೂ ತರಬೇಕು.